ನಿಮ್ಮ ವಿಳಾಸದಿಂದಲೇ ನಿಮಗೆ ಬಂದ ಮೇಲ್: ಕಳಿಸಿದವರು ಯಾರು?

ತಿಪಟೂರಿನಲ್ಲಿರುವ ನನ್ನ ಸೋದರಮಾವ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಆರು ಗಂಟೆಗೇ ಫೋನ್ ಮಾಡಿದರು. ದನಿ ನಡುಗುತ್ತಿತ್ತು. ‘ನನ್ನ ಮೇಲ್ ಐಡಿಯಿಂದ ನನಗೇ ಒಂದು ಮೇಲ್ ಬಂದಿದೆ ಕಣೋ. ನಿನ್ನ ಕಂಪ್ಯೂಟರ್ ನನ್ನ ಕೈಲಿದೆ ಅಂತ ಬರೆದಿದ್ದಾನೆ. ನನ್ನ ಪಾಸ್‌ವರ್ಡ್ ಕೂಡ ಬರೆದಿದ್ದಾನೆ. 48 ಗಂಟೆಯೊಳಗೆ ಬಿಟ್‌ಕಾಯಿನ್ ಕಳಿಸದಿದ್ರೆ ಗೊತ್ತಿರೋರಿಗೆಲ್ಲ ಏನೇನೋ ವಿಡಿಯೊ ಕಳಿಸ್ತಾನಂತೆ.’

ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಅತ್ತೆಗೂ ಹೇಳಿರಲಿಲ್ಲ. ಅಂಥ ವಿಡಿಯೊ ಯಾವುದೂ ಇಲ್ಲ ಅಂತ ಅವರಿಗೇ ಗೊತ್ತು. ಆದರೂ ಮೇಲ್ ಬಂದಿದ್ದು ತಮ್ಮದೇ ವಿಳಾಸದಿಂದ ಅಲ್ವಾ? ಹಾಗಿದ್ದರೆ ಅವನು ಒಳಗೆ ಬಂದಿರಲೇಬೇಕು ಅನ್ನೋದು ಅವರ ಲೆಕ್ಕ.

ಆ ಲೆಕ್ಕ ತಪ್ಪು. ನಿಮ್ಮ ವಿಳಾಸ ಹಾಕಿ ಮೇಲ್ ಕಳಿಸಲು ನಿಮ್ಮ ಖಾತೆಯೊಳಗೆ ಕಾಲಿಡುವ ಅಗತ್ಯವೇ ಇಲ್ಲ. ಇದು ಗೊತ್ತಿಲ್ಲದೆ ಹೆದರಿ ದುಡ್ಡು ಕೊಟ್ಟವರಿದ್ದಾರೆ. ಅದಕ್ಕೇ ಇದನ್ನು ಬುಡದಿಂದ ವಿವರಿಸುತ್ತೇನೆ.

ರಜಾ ಚೀಟಿ ಮತ್ತು ಅಪ್ಪನ ಸಹಿ

ಮಾವನಿಗೆ ನಾನು ಕೊಟ್ಟ ಉದಾಹರಣೆ ಅವರದೇ ಸ್ಕೂಲಿನದು. ಮಕ್ಕಳು ರಜಾ ಚೀಟಿ ತರುತ್ತಾರೆ. ಮೇಲೆ ‘ಇವರಿಂದ’ ಅಂತ ಒಂದು ಹೆಸರು, ಕೆಳಗೆ ‘ಇವರಿಗೆ’ ಅಂತ ಒಂದು ಹೆಸರು, ಕೊನೆಯಲ್ಲಿ ಅಪ್ಪನ ಸಹಿ. ‘ಇವರಿಂದ’ ಅಂತ ಬರೆದಿದ್ದು ನಿಜವಾಗಿ ಅಪ್ಪನೋ ಮಗನೋ ಎಂದು ಆ ಕಾಗದಕ್ಕೆ ಹೇಗೆ ಗೊತ್ತಾಗಬೇಕು? ಬರೆದವರು ಬರೆದದ್ದನ್ನು ಕಾಗದ ಹೊತ್ತುಕೊಂಡು ಬರುತ್ತದೆ, ಅಷ್ಟೇ.

ಇಮೇಲ್‌ನಲ್ಲಿ ಕಾಣುವ ‘ಫ್ರಮ್’ ಸಾಲೂ ಹಾಗೇ. ಅದನ್ನು ತುಂಬುವುದು ಕಳಿಸುವವರ ಸಾಫ್ಟ್‌ವೇರ್. ಜಿಮೇಲ್‌ನಂಥ ಸೇವೆ ಬಳಸಿದರೆ ಅದು ನಿಮ್ಮ ನಿಜವಾದ ವಿಳಾಸವನ್ನೇ ಹಾಕುತ್ತದೆ. ಆದರೆ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವರು ಆ ಜಾಗದಲ್ಲಿ ಏನು ಬೇಕಾದರೂ ಬರೆಯಬಹುದು. ಸರ್ವರ್ ಎಂದರೆ ಮೇಲ್ ಸಾಗಿಸುವ ಕಂಪ್ಯೂಟರ್, ನಮ್ಮ ಅಂಚೆ ಕಚೇರಿಯ ಥರ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒಂದು ಮೇಲ್‌ಗೆ ಕಳಿಸಿದವರ ವಿಳಾಸ ಒಂದಲ್ಲ, ಎರಡು ಇರುತ್ತವೆ. ಲಕೋಟೆಯ ಮೇಲೆ ಒಂದು, ಒಳಗಿನ ಕಾಗದದ ಮೇಲೆ ಒಂದು. ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡುವಾಗ ಬಳಸುವುದು ಲಕೋಟೆಯ ವಿಳಾಸವನ್ನು. ಮೇಲ್ ತಲುಪದೆ ಹೋದರೆ ವಾಪಸ್ ಹೋಗುವುದೂ ಅಲ್ಲಿಗೇ. ನಮ್ಮ ಕಣ್ಣಿಗೆ ಬೀಳುವುದು ಮಾತ್ರ ಒಳಗಿನ ಕಾಗದದ ‘ಫ್ರಮ್’. ಇವೆರಡೂ ಒಂದೇ ಆಗಿರಬೇಕು ಎಂಬ ನಿಯಮ ಮೊದಲಿನಿಂದಲೂ ಇಲ್ಲ. ಮಾವನಿಗೆ ಬಂದಂಥ ನಕಲಿಗೆ ಬೇರು ಇಲ್ಲೇ ಇದೆ.

ಅಗುಳಿ ಇಲ್ಲದ ಬಾಗಿಲು

ಇಷ್ಟು ದೊಡ್ಡ ತೂತನ್ನು ಯಾಕೆ ಬಿಟ್ಟರು ಎಂದು ಕೇಳಬಹುದು. ಮೇಲ್ ಸಾಗಿಸುವ ನಿಯಮಕ್ಕೆ ಎಸ್‌ಎಂಟಿಪಿ ಎಂದು ಹೆಸರು. ಅದನ್ನು ಜಾನ್ ಪೋಸ್ಟೆಲ್ ಬರೆದು ಪ್ರಕಟಿಸಿದ್ದು 1982ರಲ್ಲಿ. ಆಗ ಇಂಟರ್ನೆಟ್‌ನ ಮೊದಲ ರೂಪವಾಗಿದ್ದ ಜಾಲದಲ್ಲಿ ಇದ್ದವರು ಕೆಲವು ವಿಶ್ವವಿದ್ಯಾಲಯಗಳು, ಸಂಶೋಧನಾ ಕೇಂದ್ರಗಳು, ಸೇನೆಗೆ ಸೇರಿದ ಕಚೇರಿಗಳು. ಒಬ್ಬರಿಗೊಬ್ಬರು ಗೊತ್ತಿದ್ದವರು. ಸಣ್ಣ ಊರಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲಿಗೆ ಅಗುಳಿ ಹಾಕುವುದಿಲ್ಲವಲ್ಲ, ಹಾಗೆ.

ಆ ಸಣ್ಣ ಊರಿನಲ್ಲೂ ಒಮ್ಮೆ ತೊಂದರೆ ಆಗಿತ್ತು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿಯ ಗ್ಯಾರಿ ಥರ್ಕ್, ಹೊಸ ಕಂಪ್ಯೂಟರ್‌ಗಳ ಜಾಹೀರಾತನ್ನು ಸುಮಾರು 400 ಜನರಿಗೆ ಒಂದೇ ಸಲ ಕಳಿಸಿದರು. ಬೈಗುಳ ಬಂತು. ಅದನ್ನೇ ಮೊದಲ ಸ್ಪ್ಯಾಮ್ ಎನ್ನುತ್ತಾರೆ. ಸ್ಪ್ಯಾಮ್ ಎಂದರೆ ಕೇಳದೆ, ರಾಶಿ ರಾಶಿಯಾಗಿ ಕಳಿಸುವ ಮೇಲ್. ಅಂಚೆಯಲ್ಲಾದರೆ ಒಂದೊಂದು ಕಾಗದಕ್ಕೂ ಸ್ಟಾಂಪ್ ಹಚ್ಚಬೇಕು. ಇಲ್ಲಿ ಹತ್ತು ಮೇಲ್‌ಗೂ ಹತ್ತು ಲಕ್ಷ ಮೇಲ್‌ಗೂ ಖರ್ಚಿನಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಲಕ್ಷಕ್ಕೆ ಒಬ್ಬರು ಮೋಸ ಹೋದರೂ ಕಳಿಸಿದವನಿಗೆ ಲಾಭವೇ.

ಆ ಪಾಸ್‌ವರ್ಡ್ ಅವನಿಗೆ ಸಿಕ್ಕಿದ್ದೆಲ್ಲಿ?

ಮಾವನನ್ನು ಜಾಸ್ತಿ ಹೆದರಿಸಿದ್ದು ಇದೇ. ‘ಅದು ಈಗ ಬಳಸ್ತಿರೋ ಪಾಸ್‌ವರ್ಡಾ ಮಾವ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಇಲ್ಲ ಕಣೋ. ಹತ್ತು ವರ್ಷದ ಹಿಂದಿನದು. ಎಲ್ಲಾ ಕಡೆ ಅದನ್ನೇ ಹಾಕ್ತಿದ್ದೆ.’

ಉತ್ತರ ಅಲ್ಲೇ ಇತ್ತು. ದೊಡ್ಡ ವೆಬ್‌ಸೈಟ್‌ಗಳಿಂದ ಬಳಕೆದಾರರ ಪಟ್ಟಿಗಳು ಆಗಾಗ ಕಳುವಾಗುತ್ತವೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕದ್ದ ಪಟ್ಟಿ 2016ರಲ್ಲಿ ಮಾರಾಟಕ್ಕೆ ಬಂದಾಗ ಅದರಲ್ಲಿ ಸುಮಾರು 11.7 ಕೋಟಿ ಇಮೇಲ್ ವಿಳಾಸಗಳೂ ಪಾಸ್‌ವರ್ಡ್‌ಗಳೂ ಇದ್ದವು. ಇಂಥ ಪಟ್ಟಿಗಳು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತವೆ. ವಂಚಕ ಪಟ್ಟಿ ಕೊಳ್ಳುತ್ತಾನೆ, ಪ್ರತಿ ವಿಳಾಸಕ್ಕೂ ಅದರ ಪಾಸ್‌ವರ್ಡ್ ಸೇರಿಸಿ ಒಂದೇ ಪತ್ರವನ್ನು ಲಕ್ಷಾಂತರ ಜನರಿಗೆ ಕಳಿಸುತ್ತಾನೆ. ಅವನಿಗೆ ಮಾವ ಯಾರೆಂದೇ ಗೊತ್ತಿಲ್ಲ. ನಿಮ್ಮ ವಿಳಾಸ ಎಲ್ಲೆಲ್ಲಿ ಸೋರಿದೆ ಎಂದು ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ತಾಣದಲ್ಲಿ ನೋಡಬಹುದು. ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ಭದ್ರತಾ ತಜ್ಞರು 2013ರಲ್ಲಿ ಶುರು ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ. ಸೋರಿದ ಪಾಸ್‌ವರ್ಡ್ ಇನ್ನೂ ಎಲ್ಲಾದರೂ ಬಳಕೆಯಲ್ಲಿದ್ದರೆ ಅವತ್ತೇ ಬದಲಾಯಿಸಿ.

ಬಾಗಿಲಿಗೆ ಬಂದ ಮೂರು ಕಾವಲು

ನಕಲಿ ತಡೆಯಲು ಈಗ ಮೂರು ವ್ಯವಸ್ಥೆಗಳಿವೆ. ಮೊದಲು ಎರಡು ಪದ. ಇಮೇಲ್ ವಿಳಾಸದಲ್ಲಿ ‘ಅಟ್’ ಗುರುತಿನ ಬಲಕ್ಕೆ ಇರುವ ಹೆಸರು ಡೊಮೈನ್. ಪ್ರತಿ ಡೊಮೈನ್‌ಗೂ ಇಂಟರ್ನೆಟ್‌ನಲ್ಲಿ ಒಂದು ನೋಟಿಸ್ ಬೋರ್ಡ್ ಇದೆ, ಅದು ಡಿಎನ್‌ಎಸ್. ಯಾರು ಬೇಕಾದರೂ ಓದಬಹುದು. ಬರೆಯುವ ಅಧಿಕಾರ ಡೊಮೈನ್ ಯಾರದೋ ಅವರಿಗೆ ಮಾತ್ರ.

ಮೊದಲನೆಯದು ಎಸ್‌ಪಿಎಫ್, 2006ರಲ್ಲಿ ಬರವಣಿಗೆಯ ರೂಪಕ್ಕೆ ಬಂದದ್ದು. ಸ್ಕೂಲ್ ಬಿಟ್ಟ ಮೇಲೆ ಮಗುವನ್ನು ಕರೆದುಕೊಂಡು ಹೋಗಲು ಯಾರು ಬರಬಹುದು ಎಂದು ಅಪ್ಪ ಅಮ್ಮ ಮೊದಲೇ ಹೆಸರು ಕೊಟ್ಟಿರುತ್ತಾರೆ ಅಲ್ವಾ? ಗೇಟಿನಲ್ಲಿ ವಾಚ್‌ಮ್ಯಾನ್ ಆ ಪಟ್ಟಿ ನೋಡುತ್ತಾನೆ. ಹಾಗೇ ‘ನಮ್ಮ ಹೆಸರಲ್ಲಿ ಮೇಲ್ ತರಬಹುದಾದ ಸರ್ವರ್‌ಗಳು ಇವು’ ಎಂದು ಡೊಮೈನ್‌ನವರು ತಮ್ಮ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕುತ್ತಾರೆ. ಮೇಲ್ ಪಡೆಯುವ ಸರ್ವರ್ ಅದನ್ನು ನೋಡಿ ಪಾಸ್ ಅಥವಾ ಫೇಲ್ ಎನ್ನುತ್ತದೆ. ಆದರೆ ಒಂದು ಕೊರತೆ ಇದೆ. ಇದು ಪರೀಕ್ಷಿಸುವುದು ಲಕೋಟೆಯ ಮೇಲಿನ ವಿಳಾಸವನ್ನು. ಒಳಗಿನ ಕಾಗದವನ್ನು ನೋಡುವುದೇ ಇಲ್ಲ.

ಎರಡನೆಯದು ಡಿಕಿಮ್, 2007ರದ್ದು. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ಬಂಡಲ್ ನೆನಪಿಸಿಕೊಳ್ಳಿ. ಸೀಲ್ ಒಡೆದಿದ್ದರೆ ಅದನ್ನು ತೆಗೆದುಕೊಳ್ಳುವಂತಿಲ್ಲ. ಕಳಿಸುವ ಸರ್ವರ್ ಪ್ರತಿ ಮೇಲ್‌ಗೂ ಅಂಥದೊಂದು ಸೀಲ್ ಒತ್ತುತ್ತದೆ. ಸೀಲ್ ಅಸಲಿಯೇ ಎಂದು ನೋಡುವ ಬಗೆ ಆ ಡೊಮೈನ್‌ನ ನೋಟಿಸ್ ಬೋರ್ಡಿನಲ್ಲೇ ಇರುತ್ತದೆ. ಸೀಲ್ ಬಿದ್ದ ಭಾಗದಲ್ಲಿ ದಾರಿಯಲ್ಲಿ ಯಾರಾದರೂ ಒಂದಕ್ಷರ ತಿದ್ದಿದರೂ ಅದು ಒಡೆದಂತೆ.

ಮೂರನೆಯದು ಡಿಮಾರ್ಕ್, 2012ರಲ್ಲಿ ಬಂದದ್ದು. ನನಗೆ ಕೇಳಿದರೆ ಸಾಮಾನ್ಯ ಜನರಿಗೆ ನಿಜವಾಗಿ ನೆರವಾಗಿದ್ದು ಇದು. ‘ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಸೀಲ್ ಇದ್ದರೆ ಸಾಲದು. ಓದುಗರ ಕಣ್ಣಿಗೆ ಕಾಣುವ ಫ್ರಮ್ ವಿಳಾಸದ ಡೊಮೈನ್ ಯಾವುದೋ, ಪಟ್ಟಿಯೋ ಸೀಲೋ ಎರಡರಲ್ಲಿ ಒಂದಾದರೂ ಅದೇ ಡೊಮೈನ್‌ನದಾಗಿರಬೇಕು’ ಎನ್ನುತ್ತದೆ ಡಿಮಾರ್ಕ್. ಲಕೋಟೆಗೂ ಕಾಗದಕ್ಕೂ ಇಷ್ಟು ವರ್ಷ ಇಲ್ಲದ ಗಂಟನ್ನು ಹಾಕಿದ್ದು ಇದೇ. ಹೊಂದದಿದ್ದರೆ ಏನು ಮಾಡಬೇಕೆಂದೂ ಡೊಮೈನ್‌ನವರೇ ಬರೆದಿಡುತ್ತಾರೆ: ಸುಮ್ನೆ ಬಿಡು, ಸ್ಪ್ಯಾಮ್‌ಗೆ ಹಾಕು, ಇಲ್ಲವೇ ಬಾಗಿಲಿಂದಲೇ ವಾಪಸ್ ಕಳಿಸು.

ಬಹಳ ವರ್ಷ ಇವೆಲ್ಲ ಇಷ್ಟವಿದ್ದವರಿಗೆ ಮಾತ್ರ ಎಂಬಂತಿತ್ತು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಬಿಗಿ ಮಾಡಿದವು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರು ಈ ಮೂರನ್ನೂ ಇಟ್ಟುಕೊಂಡಿರಲೇಬೇಕು ಎಂದು ಗೂಗಲ್ ಹೇಳಿತು. ಬ್ಯಾಂಕ್, ಅಂಗಡಿ, ಟಿಕೆಟ್ ಬುಕಿಂಗ್‌ನವರೆಲ್ಲ ಗಡಿಬಿಡಿಯಲ್ಲಿ ನೋಟಿಸ್ ಬೋರ್ಡ್ ತಿದ್ದಿಕೊಂಡಿದ್ದು ಆಗಲೇ.

ಮಾವನ ಮೇಲ್‌ನ ಒಳಗು

ಮಾವನ ವಿಳಾಸ ಜಿಮೇಲ್‌ನದಲ್ಲ. ಅವರು ಕೆಲಸ ಮಾಡುತ್ತಿದ್ದ ಸಂಸ್ಥೆ ತನ್ನದೇ ಡೊಮೈನ್‌ನಲ್ಲಿ ಕೊಟ್ಟಿದ್ದು. ಭಾನುವಾರ ತಿಪಟೂರಿಗೆ ಹೋಗಿ ಇಬ್ಬರೂ ಕೂತು ಆ ಮೇಲ್ ತೆರೆದೆವು. ಪ್ರತಿ ಮೇಲ್‌ನ ಹಿಂದೆ ನಮಗೆ ಕಾಣದ ಒಂದಿಷ್ಟು ಸಾಲುಗಳಿರುತ್ತವೆ, ಹೆಡರ್ ಅಂತ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದರೆ ಮೇಲ್‌ನ ಬಲಗಡೆಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿದರೆ ಸಿಗುತ್ತವೆ. ಬೇರೆ ಸೇವೆಗಳಲ್ಲೂ ‘ವ್ಯೂ ಸೋರ್ಸ್’ ಎಂಬಂಥ ಹೆಸರಿನಲ್ಲಿ ಇರುತ್ತದೆ.

ಫ್ರಮ್ ಸಾಲಿನಲ್ಲಿ ಮಾವನ ವಿಳಾಸ. ‘ರಿಟರ್ನ್ ಪಾತ್’ ಎಂಬ ಸಾಲಿನಲ್ಲಿ, ಅಂದರೆ ಲಕೋಟೆಯ ಮೇಲೆ, ಯಾವತ್ತೂ ಕೇಳಿರದ ಒಂದು ಡೊಮೈನ್. ಎಸ್‌ಪಿಎಫ್ ಮುಂದೆ ಏನು ಬರೆದಿತ್ತು ಗೊತ್ತಾ? ಪಾಸ್! ಮಾವ ಮತ್ತೆ ಗಾಬರಿಯಾದರು. ‘ಪಾಸ್ ಅಂತಿದೆಯಲ್ಲೋ.’

ಪಾಸ್ ಆಗಿದ್ದು ಆ ಕೇಳಿರದ ಡೊಮೈನ್. ವಂಚಕ ತನ್ನದೇ ಲಕೋಟೆಯ ಮೇಲೆ ತನ್ನದೇ ವಿಳಾಸ ಬರೆದು ಗೇಟು ದಾಟಿದ್ದ. ಒಳಗಿನ ಕಾಗದದಲ್ಲಿ ಮಾತ್ರ ಮಾವನ ಹೆಸರು. ಡಿಮಾರ್ಕ್ ಇದ್ದಿದ್ದರೆ ಎರಡೂ ಹೊಂದುತ್ತಿಲ್ಲ ಎಂದು ಹಿಡಿಯುತ್ತಿತ್ತು. ಸಂಸ್ಥೆಯವರು ಅದನ್ನು ಹಾಕಿಯೇ ಇರಲಿಲ್ಲ. ಹಾಗಾಗಿ ಹೆಡರ್‌ನಲ್ಲಿ ‘ಪಾಸ್’ ಕಂಡರೆ ಯಾವ ಡೊಮೈನ್‌ಗೆ ಪಾಸ್ ಎಂದು ಪಕ್ಕದಲ್ಲೇ ಓದಿಕೊಳ್ಳಿ. ‘ರಿಸೀವ್ಡ್’ ಎಂದು ಶುರುವಾಗುವ ಸಾಲುಗಳು ದಾರಿಯ ಅಂಚೆ ಮೊಹರುಗಳಿದ್ದಂತೆ. ಎಲ್ಲಕ್ಕಿಂತ ಮೇಲಿನದು ನಮ್ಮದೇ ಸರ್ವರ್ ಒತ್ತಿದ್ದು, ಅದನ್ನು ನಂಬಬಹುದು. ಕೆಳಗಿನವನ್ನು ವಂಚಕನೇ ಬರೆದು ಸೇರಿಸಿರಬಹುದು.

ಆ ಮೇಲೆ ಮಾವನ ‘ಸೆಂಟ್’ ಫೋಲ್ಡರ್ ನೋಡಿದೆವು. ಅಲ್ಲಿ ಆ ಮೇಲ್ ಇರಲಿಲ್ಲ. ಇಲ್ಲ ಅಂದ ಮಾತ್ರಕ್ಕೆ ನಿರಾಳವಾಗಬಾರದು, ಒಳಗೆ ಬಂದ ಕಳ್ಳ ಅದನ್ನು ಅಳಿಸಿಯೂ ಹೋಗಬಹುದು. ಆದರೆ ಹೆಡರ್ ಆಗಲೇ ಸಾಕ್ಷಿ ಹೇಳಿತ್ತು. ಅವತ್ತು ಮಧ್ಯಾಹ್ನ ಮಾವ ಅತ್ತೆಗೆ ಎಲ್ಲ ಹೇಳಿದರು.

ಕಾವಲಿನವರಿಗೂ ಕಾಣದ ವೇಷಗಳು

ಬಾಗಿಲು ಬಿಗಿಯಾದಂತೆ ವಂಚಕರು ದಾರಿ ಬದಲಿಸಿದರು. ಈಗ ಜಾಸ್ತಿ ಕಾಣುವುದು ಹೆಸರಿನ ವೇಷ. ಯಾರು ಬೇಕಾದರೂ ಒಂದು ಹೊಸ ಜಿಮೇಲ್ ಖಾತೆ ತೆರೆದು ಅದಕ್ಕೆ ನಿಮ್ಮ ಮಗನ ಹೆಸರಿಡಬಹುದು. ಆ ಖಾತೆ ಅಸಲಿ, ಮೇಲ್ ಅಸಲಿ, ಮೂರೂ ಪರೀಕ್ಷೆ ಪಾಸ್. ಸುಳ್ಳಾಗಿರುವುದು ಹೆಸರು ಮಾತ್ರ. ಮೊಬೈಲ್‌ನಲ್ಲಿ ಮೊದಲು ಕಾಣುವುದು ಹೆಸರೇ, ವಿಳಾಸ ಬೇಕಾದರೆ ಹೆಸರಿನ ಮೇಲೆ ಒತ್ತಿ ನೋಡಬೇಕು. ‘ಅಪ್ಪಾ, ಪರ್ಸ್, ಫೋನ್ ಎಲ್ಲ ಕಳೆದುಹೋಗಿದೆ, ಅರ್ಜೆಂಟಾಗಿ ದುಡ್ಡು ಬೇಕು’ ಎಂಬ ಮೇಲ್ ಈ ಜಾತಿಯದು. ಮಕ್ಕಳು ಅಮೆರಿಕದಲ್ಲೋ ದುಬೈನಲ್ಲೋ ಇರುವ ಮನೆಗಳಲ್ಲಿ ಇದನ್ನು ಓದಿದ ಕೂಡಲೇ ಎದೆ ಧಸಕ್ ಎನ್ನುತ್ತದೆ. ಆ ಗಾಬರಿಯೇ ವಂಚಕನ ಬಂಡವಾಳ.

ಇನ್ನೊಂದು, ಅಕ್ಷರದ ವೇಷ. ಕನ್ನಡದ ಅಂಕಿ ೦ಗೂ ‘ಅಂ’ನಲ್ಲಿ ಬರುವ ಸೊನ್ನೆಗೂ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಕಂಪ್ಯೂಟರ್‌ಗೆ ಮಾತ್ರ ಅವು ಬೇರೆ ಬೇರೆ. ಇಂಗ್ಲಿಷ್‌ನಲ್ಲೂ ಸಣ್ಣಕ್ಷರದ ‘ಆರ್’, ‘ಎನ್’ ಅಂಟಿಕೊಂಡು ಬಂದರೆ ‘ಎಂ’ ಎಂದೇ ಓದುತ್ತೇವೆ. ಡೊಮೈನ್ ಓದುವಾಗ ಅಂಚೆ ವಿಳಾಸದ ಹಾಗೆ ಕೊನೆಯಿಂದ ಓದಿ. ಮನೆ ನಂಬರ್, ಬೀದಿ ಏನೇ ಇರಲಿ, ಕೊನೆಯ ಸಾಲಿನ ಊರು, ಜಿಲ್ಲೆ ತಾನೇ ಕಾಗದ ಎಲ್ಲಿಗೆ ಸೇರಬೇಕೆಂದು ಹೇಳುವುದು? ಆದಾಯ ತೆರಿಗೆ ಇಲಾಖೆಯ ತಾಣ ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’. ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’ ಆದ ಮೇಲೂ ಚುಕ್ಕಿ ಹಾಕಿ ಇನ್ನೇನೋ ಹೆಸರು, ಕೊನೆಗೆ ‘ಡಾಟ್ ಕಾಮ್’ ಇದ್ದರೆ ಅದು ಇಲಾಖೆಯದಲ್ಲ. ರಿಟರ್ನ್ಸ್ ತುಂಬುವ ದಿನಗಳಲ್ಲಿ ರೀಫಂಡ್ ಬಂದಿದೆ ಎಂಬ ಸುಳ್ಳು ಮೇಲ್‌ಗಳು ಹೀಗೇ ಬರುತ್ತವೆ. ಬ್ಯಾಂಕ್‌ಗಳ ವಿಷಯದಲ್ಲಿ ಗುರುತು ಹಿಡಿಯುವುದು ಈಗ ಸುಲಭ. ದೇಶದ ಬ್ಯಾಂಕ್‌ಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ಡೊಮೈನ್‌ಗೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶ ಮಾಡಿತು. ಈ ಹೆಸರು ಬ್ಯಾಂಕ್‌ಗಳಿಗೆ ಮಾತ್ರ ಸಿಗುತ್ತದೆ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ನಿಮ್ಮ ಸ್ನೇಹಿತರ ಖಾತೆಯನ್ನೇ ಕದ್ದು ಅಲ್ಲಿಂದ ಮೇಲ್ ಕಳಿಸುವುದು. ಹೆಸರು, ವಿಳಾಸ, ಸೀಲ್ ಯಾವುದರಲ್ಲೂ ಸುಳ್ಳಿಲ್ಲ. ಇದಕ್ಕೆ ತಾಂತ್ರಿಕ ಪರೀಕ್ಷೆ ಯಾವುದೂ ಇಲ್ಲ. ದುಡ್ಡು, ಓಟಿಪಿ, ಪಾಸ್‌ವರ್ಡ್ ಕೇಳುವ ಮೇಲ್ ಬಂದರೆ ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ.

ನೀವು ಕಳಿಸದ ಮೇಲ್ ವಾಪಸ್ ಬಂದರೆ

ಒಂದು ಬೆಳಿಗ್ಗೆ ಇನ್‌ಬಾಕ್ಸ್ ತುಂಬ ‘ನಿಮ್ಮ ಮೇಲ್ ತಲುಪಲಿಲ್ಲ’ ಎಂಬ ಸಂದೇಶಗಳು. ನೀವು ಏನೂ ಕಳಿಸಿರುವುದಿಲ್ಲ. ಯಾರೋ ಲಕೋಟೆಯ ಮೇಲೆ ನಿಮ್ಮ ವಿಳಾಸ ಬರೆದು ರಾಶಿ ಮೇಲ್ ಬಿಟ್ಟಿದ್ದಾರೆ, ತಲುಪದವು ನಿಮ್ಮ ಬಾಗಿಲಿಗೆ ಬಂದು ಬಿದ್ದಿವೆ. ಇದನ್ನು ನಿಲ್ಲಿಸಲು ನೀವು ಮಾಡುವಂಥದ್ದು ಹೆಚ್ಚೇನಿಲ್ಲ, ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ.

ಆದರೆ ಖಾತೆ ನಿಜವಾಗಿಯೂ ಕಳ್ಳರ ಕೈ ಸೇರಿಲ್ಲವೇ ಎಂದು ಒಮ್ಮೆ ನೋಡಿಬಿಡಿ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಕೆಳಗೆ ಬಲಮೂಲೆಯ ‘ಡೀಟೇಲ್ಸ್’ ಒತ್ತಿದರೆ ಇತ್ತೀಚೆಗೆ ಎಲ್ಲಿಂದ ಲಾಗಿನ್ ಆಗಿದೆ ಎಂದು ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎರಡನ್ನೂ ತಪ್ಪದೆ ನೋಡಿ. ಒಳಗೆ ಬಂದವರು ‘ಬಂದ ಮೇಲ್‌ನದೆಲ್ಲ ಒಂದು ಪ್ರತಿ ಈ ವಿಳಾಸಕ್ಕೂ ಹೋಗಲಿ’ ಎಂದು ಸದ್ದಿಲ್ಲದೆ ಬರೆದಿಟ್ಟು ಹೋಗುತ್ತಾರೆ. ಪಾಸ್‌ವರ್ಡ್ ಬದಲಾಯಿಸಿದರೂ ಆ ಸಾಲು ಅಲ್ಲೇ ಇರುತ್ತದೆ. ಬಹಳ ಜನ ಇದನ್ನೇ ಮರೆಯುತ್ತಾರೆ. ಅದನ್ನು ತೆಗೆದು, ಹೊಸ ಪಾಸ್‌ವರ್ಡ್ ಹಾಕಿ, ಎರಡು ಹಂತದ ಲಾಗಿನ್ ಶುರು ಮಾಡಿ.

ಸ್ಪ್ಯಾಮ್ ಬಟನ್ ಒಂದು ಓಟು

ಮಾವ ಮೊದಲು ಹೊರಟಿದ್ದು ಆ ವಿಳಾಸವನ್ನು ಬ್ಲಾಕ್ ಮಾಡಲು. ಅದು ಅವರದೇ ವಿಳಾಸ. ನಕಲಿ ವಿಳಾಸ ಬ್ಲಾಕ್ ಮಾಡಿ ಪ್ರಯೋಜನ ಇಲ್ಲ, ನಾಳೆ ಇನ್ನೊಂದು ಹಾಕುತ್ತಾರೆ. ಕೆಲವೊಮ್ಮೆ ಬ್ಲಾಕ್ ಆಗುವುದು ಆ ವಿಳಾಸದ ನಿಜವಾದ ಒಡೆಯರು. ಉತ್ತರ ಬರೆದು ಬೈಯುವುದೂ ಬೇಡ. ಅದು ಯಾರೋ ಅಮಾಯಕರಿಗೆ ಹೋಗುತ್ತದೆ, ಇಲ್ಲವೇ ಈ ವಿಳಾಸದಲ್ಲಿ ಜನ ಇದ್ದಾರೆ ಎಂದು ವಂಚಕನಿಗೆ ಗೊತ್ತಾಗುತ್ತದೆ.

ಅದರ ಬದಲು ‘ರಿಪೋರ್ಟ್ ಸ್ಪ್ಯಾಮ್’ ಒತ್ತಿ. ಮೇಲ್ ಸೇವೆಗಳ ಜರಡಿ ಕಲಿಯುವುದು ನಮ್ಮ ಇಂಥ ಓಟುಗಳಿಂದಲೂ ಹೌದು. ಸ್ಪ್ಯಾಮ್ ದೂರು 1000 ಮೇಲ್‌ಗೆ 3ರ ಮಟ್ಟ ಮುಟ್ಟಬಾರದು ಎಂದು ರಾಶಿ ಮೇಲ್ ಕಳಿಸುವವರಿಗೆ ಜಿಮೇಲ್ ಮಿತಿ ಹಾಕಿದೆ. ನೀವೇ ಹಿಂದೆ ಒಪ್ಪಿ ಸೇರಿಕೊಂಡ ಅಂಗಡಿಯ ಮೇಲ್ ಬೇಡವಾದರೆ ‘ಅನ್‌ಸಬ್‌ಸ್ಕ್ರೈಬ್’ ಸಾಕು. ಎಲ್ಲಿಂದಲೋ ಬಂದ ಮೇಲ್‌ನೊಳಗಿನ ಅನ್‌ಸಬ್‌ಸ್ಕ್ರೈಬ್ ಕೊಂಡಿಯನ್ನು ಮಾತ್ರ ಮುಟ್ಟಬೇಡಿ. ಜಿಮೇಲ್‌ನ ಸ್ಪ್ಯಾಮ್ ಫೋಲ್ಡರ್ 30 ದಿನಕ್ಕೆ ಖಾಲಿಯಾಗುತ್ತದೆ, ಬೇಕಾದ ಮೇಲ್ ತಪ್ಪಿ ಅಲ್ಲಿ ಸೇರಿರಬಹುದು. ವಾರಕ್ಕೊಮ್ಮೆ ಕಣ್ಣಾಡಿಸಿ.

ದುಡ್ಡು ಹೋಗಿಯೇಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ಮಧ್ಯದಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಬೇರೆಯವರ ವೇಷದಲ್ಲಿ ಕಂಪ್ಯೂಟರ್ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಡಿ ಕಲಮಿನ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು ಇದೆ. ಮೇಲ್ ಅಳಿಸಬೇಡಿ. ಹೆಡರ್ ಉಳಿದಿದ್ದರೆ ಪೊಲೀಸರಿಗೆ ಹಿಡಿಯಲು ಒಂದು ಎಳೆ ಸಿಗುತ್ತದೆ.

ಸಂಸ್ಥೆಯ ನೋಟಿಸ್ ಬೋರ್ಡ್

ಮಾವ ಸುಮ್ಮನೆ ಕೂರಲಿಲ್ಲ. ತಮಗಾದ ಗಾಬರಿ ಬೇರೆಯವರಿಗೆ ಆಗಬಾರದು ಎಂದು ಸಂಸ್ಥೆಯ ಕಚೇರಿಗೆ ಹೋಗಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನಿಗೆ ಎಲ್ಲ ಹೇಳಿದರು. ಅವನು ನೋಟಿಸ್ ಬೋರ್ಡಿನಲ್ಲಿ ಡಿಮಾರ್ಕ್‌ನ ಒಂದು ಸಾಲು ಸೇರಿಸಿದ. ಮೊದಲು ‘ಸುಮ್ನೆ ಬಿಡು, ವರದಿ ಮಾತ್ರ ಕೊಡು’ ಎಂಬ ಮಟ್ಟದಲ್ಲಿ. ಈ ವರದಿ ಡಿಮಾರ್ಕ್‌ನ ಇನ್ನೊಂದು ಉಪಯೋಗ. ನಿಮ್ಮ ಡೊಮೈನ್ ಹೆಸರಲ್ಲಿ ಯಾವ ಯಾವ ಸರ್ವರ್‌ನಿಂದ ಎಷ್ಟು ಮೇಲ್ ಬಂತು ಎಂದು ಗೂಗಲ್, ಯಾಹೂನಂಥವರು ಲೆಕ್ಕ ಕಳಿಸುತ್ತಾರೆ.

ವರದಿ ಬಂದಾಗ ಹುಡುಗ ಮಾವನನ್ನು ಕರೆಸಿ ತೋರಿಸಿದನಂತೆ. ಪಟ್ಟಿಯಲ್ಲಿ ಗುರುತಿಲ್ಲದ ಸರ್ವರ್‌ಗಳು ಒಂದಷ್ಟು. ಅವುಗಳ ನಡುವೆ ಒಂದು ಮಾತ್ರ ಗುರುತಿನದು: ಪೋಷಕರಿಗೆ ಫೀಸ್ ರಸೀದಿ ಕಳಿಸಲು ಸಂಸ್ಥೆಯೇ ಕೊಂಡಿದ್ದ ಸಾಫ್ಟ್‌ವೇರ್. ಅದನ್ನು ಎಸ್‌ಪಿಎಫ್ ಪಟ್ಟಿಗೆ ಸೇರಿಸಲು ಎಲ್ಲರೂ ಮರೆತಿದ್ದರು. ಮೊದಲ ದಿನವೇ ‘ವಾಪಸ್ ಕಳಿಸು’ ಎಂದು ಬರೆದಿದ್ದರೆ ಒಬ್ಬರಿಗೂ ರಸೀದಿ ತಲುಪುತ್ತಿರಲಿಲ್ಲ. ಈಗ ಅದನ್ನು ಪಟ್ಟಿಗೆ ಸೇರಿಸಿದ್ದಾರೆ, ಡಿಮಾರ್ಕ್ ಸಾಲನ್ನು ‘ಸ್ಪ್ಯಾಮ್‌ಗೆ ಹಾಕು’ ಎಂದು ತಿದ್ದಿದ್ದಾರೆ. ಮೊನ್ನೆ ಮಾವನ ವಿಳಾಸದಿಂದ ಮಾವನಿಗೇ ಮತ್ತೊಂದು ಮೇಲ್ ಬಂದಿತ್ತು. ಅದು ಸ್ಪ್ಯಾಮ್ ಫೋಲ್ಡರ್‌ನಲ್ಲಿತ್ತು.